ಕೆನ್ನೆಯೊಳಗಿನ ಪೆಪ್ಪರ್‌ಮಿಂಟು

ಫ್ರಿಜ್ ಕೆಟ್ಟವರಿಂದ ಬೈಸಿಕೊಳ್ಳುವುದೇ ನನ್ನ ಉದ್ಯೋಗ. ಕಂಪನಿಯ ದೂರು ವಿಭಾಗದಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಸಾಕು, ಹಾಲು ಒಡೆದವರು, ತರಕಾರಿ ಕೊಳೆತವರು ಎಲ್ಲರೂ ನನ್ನ ಜನ್ಮ ಜಾಲಾಡುತ್ತಾರೆ. ಅದಕ್ಕೇ ನಮ್ಮ ಮೇಜುಗಳ ಮೇಲೆ ಪೆಪ್ಪರ್‌ಮಿಂಟಿನ ಡಬ್ಬ ಇರುತ್ತದೆ. ಬಾಯಲ್ಲಿ ಒಂದಿದ್ದರೆ ಗಂಟಲು ಒಣಗುವುದಿಲ್ಲ, ತಿರುಗಿ ಬೈಯಲು ನಾಲಿಗೆಯೂ ಏಳುವುದಿಲ್ಲ. ಅದನ್ನು ಕೆನ್ನೆಯ ಸಂದಿಗೆ ಒತ್ತಿಟ್ಟುಕೊಳ್ಳಲು ಕಲಿಯಬೇಕು. ಹೊಸಬರ ಬಾಯಲ್ಲಿ ಅದು ಹಲ್ಲಿಗೆ ಟಕ್ಕೆಂದು ಬಡಿದು ಫೋನಿನ ಆ ಕಡೆಯವರಿಗೂ ಕೇಳಿಸುತ್ತದೆ.

ನನ್ನ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ರಕ್ತದ ಸಕ್ಕರೆ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದರು ಡಾಕ್ಟರು. ಕಂಪ್ಯೂಟರಿನ ಅಕ್ಷರ ಕಾಣದಿದ್ದರೆ ಕೆಲಸವಿಲ್ಲ ಎಂದು ಸೂಪರ್‌ವೈಸರ್ ನಗುನಗುತ್ತಲೇ ಹೇಳಿಯಾಗಿತ್ತು.

ಕಾಫಿಗೆ ಸಕ್ಕರೆ ಹಾಕುವುದನ್ನು ಬಿಟ್ಟೆ. ನನ್ನ ಗಂಡ ಸಕ್ಕರೆ ಡಬ್ಬವನ್ನು ಅಟ್ಟಕ್ಕೇರಿಸಿ, "ಇನ್ನು ಇರುವೆಗಳೂ ಪಥ್ಯ ಮಾಡ್ಲಿ" ಎಂದರು. ಆದರೆ ರಕ್ತದ ಸಕ್ಕರೆ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

"ಬೇರೆ ಏನು ತಿಂತೀರಮ್ಮಾ?" ಡಾಕ್ಟರು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ. ಕೆಲಸದಲ್ಲಿ ಗಂಟಲಿಗೆ ಅಂತ ಪೆಪ್ಪರ್‌ಮಿಂಟು, ಅಷ್ಟೇ. ಅಗಿಯಲ್ಲ."

"ಅಗಿಯದಿದ್ರೆ ಕರಗಿ ಎಲ್ಲಿಗೆ ಹೋಗುತ್ತೆ?"

ಪೆಚ್ಚಾದೆ. ಇಷ್ಟು ವರ್ಷ ಅದನ್ನು ಹೆಡ್‌ಫೋನಿನಂತೆ ಕೆಲಸದ ಸಾಮಾನು ಎಂದುಕೊಂಡಿದ್ದೆನೇ ಹೊರತು ತಿನಿಸೆಂದು ಎಣಿಸಿರಲಿಲ್ಲ.

ಅದನ್ನೂ ಬಿಟ್ಟೆ. ಸ್ವಲ್ಪ ಇಳಿಯಿತು, ಆದರೆ ಸಾಲದು.

"ಬೈಸ್ಕೊಂಡಾಗ ಎದೆ ಹೊಡ್ಕೊಳ್ಳುತ್ತಲ್ಲ, ಆಗ ದೇಹ ಜಗಳಕ್ಕೆ ತಯಾರಾಗುತ್ತೆ" ಎಂದರು ಡಾಕ್ಟರು. "ಹಾರ್ಮೋನು ಏರುತ್ತೆ, ಲಿವರ್ ಸಕ್ಕರೇನ ರಕ್ತಕ್ಕೆ ಬಿಡುತ್ತೆ. ನೀವೋ ಜಗಳ ಆಡಲ್ಲ, ಓಡಿಹೋಗಲ್ಲ, ಕೂತೇ ಇರ್ತೀರಿ. ಆ ಸಕ್ಕರೆ ಖರ್ಚಾಗೋದು ಹೇಗೆ?"

ನನಗೆ ಅಳುವೇ ಬಂತು. ಸಿಹಿಯನ್ನು ಬಿಡಬಹುದು, ಬೈಗುಳವನ್ನು ಹೇಗೆ ಬಿಡುವುದು?

ಇದ್ದಬದ್ದ ರಜೆಯನ್ನೆಲ್ಲ ಹಾಕಿದೆ. ನಡೆದೆ, ಕಣ್ತುಂಬ ನಿದ್ದೆ ಮಾಡಿದೆ. ಸಕ್ಕರೆ ಇಳಿಯಿತು, ಆಪರೇಷನ್ನಿಗೆ ದಿನವೂ ಸಿಕ್ಕಿತು.

ಅದರ ಹಿಂದಿನ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಹುಡುಗಿಯೊಬ್ಬಳ ಫೋನು. "ಮೇಡಂ, ಆಪರೇಷನ್ ಮಾಡೋ ಮೆಷಿನ್ ಕೆಟ್ಟಿದೆ. ಬೇರೆ ದಿನ ಕೊಡ್ತೀವಿ."

ರಜೆ ಮುಗಿಯುತ್ತಾ ಬಂದಿತ್ತು. ಮತ್ತೆ ಆ ಕುರ್ಚಿಯಲ್ಲಿ ಕೂತರೆ ಮತ್ತೆ ಸಕ್ಕರೆ ಏರುತ್ತದೆ, ಮತ್ತೆ ಆಪರೇಷನ್ ಇಲ್ಲ. ನನಗೇನಾಯಿತೋ, ವರ್ಷಗಟ್ಟಲೆ ಕೇಳಿದ್ದನ್ನೆಲ್ಲ ಅವಳ ಮೇಲೆ ಸುರಿದೆ.

"ಮನುಷ್ಯತ್ವ ಇದ್ಯೇನ್ರೀ ನಿಮ್ಗೆ? ಸಂಬಳ ತಗೊಂಡು ಏನ್ ಕಡಿದು ಗುಡ್ಡೆ ಹಾಕ್ತಿದೀರಾ? ನಿಮ್ಮ ಮೇಲಿನೋರಿಗೆ ಕೊಡಿ ಫೋನು!"

ಗಂಡ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದರು. ಮದುವೆಯಾದಾಗಿನಿಂದ ನನ್ನ ಆ ದನಿಯನ್ನು ಅವರು ಕೇಳಿರಲಿಲ್ಲ.

"ನಿಮ್ಮ ತೊಂದರೆ ಅರ್ಥ ಆಗುತ್ತೆ ಮೇಡಂ" ಎಂದಳು ಹುಡುಗಿ, ಬೆಣ್ಣೆಯಂಥ ದನಿಯಲ್ಲಿ. ಆಮೇಲೆ ನನಗೆ ಕೇಳಿಸಿತು: ಟಕ್.

ಗೋಡೆಗೆ ಒರಗಿ ನೆಲದ ಮೇಲೆ ಕೂತು, ದನಿ ತಗ್ಗಿಸಿ ಕೇಳಿದೆ:

"ಕೆಲಸಕ್ಕೆ ಹೊಸಬಳೇನಮ್ಮಾ?"

"ಹೌದು ಮೇಡಂ."

"ಬಾಯಲ್ಲಿರೋದನ್ನ ಉಗುಳು."

"ಹಾಂ?"

"ಪೆಪ್ಪರ್‌ಮಿಂಟು ಕಣಮ್ಮಾ. ಉಗುಳಿಬಿಡು. ಎದ್ದು ಸ್ವಲ್ಪ ಓಡಾಡು, ನೀರು ಕುಡಿ. ನಾನು ಕಾಯ್ತಿರ್ತೀನಿ. ಆಮೇಲೆ ಯಾವ ದಿನ ಅಂತ ಹೇಳು."