ನೀಲಿ ಬಾವುಟದ ಕೆಂಪು ಹೊಲಿಗೆ

ಫುಟ್‌ಬಾಲ್ ಫೈನಲ್ ಹತ್ತಿರ ಬಂತೆಂದರೆ ದರ್ಜಿಗೂ ಎದುರಂಗಡಿಯ ಕ್ಷೌರಿಕನಿಗೂ ಎಣ್ಣೆ ಸೀಗೆಕಾಯಿ. ಕ್ಷೌರಿಕ ಅಂಚು ಹೊಲಿಯಲು ಕೊಡುವ ನೀಲಿ ಬಾವುಟಕ್ಕೆ ದರ್ಜಿ ಬೇಕೆಂದೇ ತನ್ನ ತಂಡದ ಕೆಂಪು ದಾರ ಹಾಕುತ್ತಿದ್ದ. ಕ್ಷೌರಿಕ ಬೀದಿಗೆಲ್ಲ ಕೇಳುವಂತೆ ಬೈದು, "ಈಗಲೇ ಬಿಚ್ಚಿಸ್ತೀನಿ ನೋಡು" ಎಂದು ಹಾರಾಡುತ್ತಿದ್ದ.

ಈ ಸಲ ಬಾವುಟ ತಂದವಳು ಅವನ ಹೆಂಡತಿ. ಅವನು ತೀರಿಕೊಂಡು ತಿಂಗಳಾಗಿತ್ತು.

"ಅಂಗಡಿ ಬಾಗಿಲಿಗೆ ಕಟ್ಟಬೇಕು ಅಣ್ಣ."

ಹೋದವನ ಜೊತೆ ಎಂಥ ಕುಚೇಷ್ಟೆ ಎಂದುಕೊಂಡು ದರ್ಜಿ ನೀಲಿ ದಾರದಲ್ಲೇ ಅಚ್ಚುಕಟ್ಟಾಗಿ ಹೊಲಿದುಕೊಟ್ಟ. ಅವಳು ಅಂಚನ್ನು ಬೆರಳಿನಿಂದ ಸವರಿದಳು.

"ಕೆಂಪು ದಾರ ಖಾಲಿಯಾಗಿತ್ತಾ ಅಣ್ಣ? ಅವರು ಒಂದು ಸಲಾನೂ ಬಿಚ್ಚಿಸಲಿಲ್ಲ. ಬಂದವರಿಗೆಲ್ಲ ಆ ಹೊಲಿಗೇನೇ ತೋರಿಸ್ತಿದ್ರು."

ದರ್ಜಿ ಹೊಲಿಗೆ ಬಿಚ್ಚಿದ. ಕೆಂಪು ದಾರ ನಾಲ್ಕು ಸಲ ಸೂಜಿಯ ಕಣ್ಣು ತಪ್ಪಿತು. ಕೊನೆಗೆ ಅವಳೇ ಪೋಣಿಸಿಕೊಟ್ಟಳು.