ಒಕ್ಕಣ್ಣ ದೇವರ ಎರಡನೆಯ ಕಣ್ಣು

ಉತ್ತರ ಯುರೋಪಿನ ನಾರ್ಸ್ ಪುರಾಣದ ಹಳೆಯ ಪುಸ್ತಕದಿಂದ ಸೊಸೆ ಒಕ್ಕಣ್ಣ ದೇವರ ಚಿತ್ರವೊಂದನ್ನು ಕೈಯಾರೆ ನಕಲು ಮಾಡಿದ್ದಳು. ಕೇಳಿದವನು ಅವಳ ಮೊದಲ ಗಿರಾಕಿ; ಇದು ಅವನಿಗೆ ಒಪ್ಪಿಗೆಯಾದರೆ ಉಳಿದ ಚಿತ್ರಗಳೂ ಅವಳಿಗೇ. ಆ ಮನೆಯಲ್ಲಿ ಯಾರು ಚಿತ್ರ ಬರೆದರೂ ಕೊನೆಗೆ ಕಣ್ಣು ಬರೆದು ತಿದ್ದುವವರು ಅತ್ತೆ. ಗಿರಾಕಿ ಬರುವ ಹೊತ್ತಿಗೆ ನೋಡಿದರೆ ಒಕ್ಕಣ್ಣ ದೇವರು ಎರಡೂ ಕಣ್ಣರಳಿಸಿ ಕೂತಿದ್ದ.

"ಅಯ್ಯೋ ಅತ್ತೆ! ಇವನು ಜ್ಞಾನಕ್ಕೋಸ್ಕರ ಒಂದು ಕಣ್ಣು ಕಿತ್ತು ಕೊಟ್ಟವನು!"

"ನೀನು ಮರೆತಿದ್ದೀಯ ಅಂದ್ಕೊಂಡೆ ಕಣೇ. ಎರಡು ಕಣ್ಣಿದ್ರೆ ಜ್ಞಾನ ಬರಲ್ವಂತಾ?"

"ನಿಮಗೆ ಬಂದಿದ್ರೆ ಕೇಳಿ ಬರೀತಿದ್ರಿ!"

ಅತ್ತೆ ಕಿಸಕ್ಕನೆ ನಕ್ಕು, ಹಸಿ ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದರು. ಕಣ್ಣು ಕರಗಿ ಹಳೆಯ ಗಾಯದ ಕಲೆಯಂತಾಯಿತು.

ಗಿರಾಕಿ ಬಂದು ಅದನ್ನೇ ದಿಟ್ಟಿಸಿದ. "ಪುಸ್ತಕದಲ್ಲೂ ಇಷ್ಟು ಚೆನ್ನಾಗಿಲ್ಲ. ಉಳಿದಿದ್ದನ್ನೂ ನೀವೇ ಬರೀರಿ," ಎಂದ.

"ಉಳಿದ ದೇವರುಗಳಲ್ಲಿ ಯಾರಿಗಾದ್ರೂ ಕೈಯೋ ಕಾಲೋ ಕಮ್ಮಿ ಇದ್ರೆ ಈಗಲೇ ಹೇಳ್ಬಿಡಪ್ಪ," ಎಂದರು ಅತ್ತೆ.