ಬೋರ್ಸೋಕ್ ಚೀಲ

ಮತ್ತೆ ಅದೇ ವಾಸನೆ, ಬೆಂದ ಎಲೆಕೋಸು, ಜೊತೆಗೆ ನೆಲ ಒರೆಸುವ ಕ್ಲೋರಿನ್, ಗೋಡೆಗೆ ಹೊಸ ಬಣ್ಣ ಬಂದಿದೆ, ಬಾಗಿಲು ಗಾಜಿನದಾಗಿದೆ, ಕಲ್ಲಿದ್ದಲು ರಾಶಿ ಹಾಕುತ್ತಿದ್ದ ಜಾಗದಲ್ಲಿ ಈಜುಕೊಳ ಕಟ್ಟಿದ್ದಾರೆ, ವಾಸನೆಯೊಂದು ಮಾತ್ರ ಇಪ್ಪತ್ನಾಲ್ಕು ವರ್ಷ ನನಗಾಗಿ ಕಾದು ಕೂತಿದೆ, ಕೂತಿರಲಿ, ನಾನೂ ಕಾದಿದ್ದೇನೆ — ಕಾಲು ಸ್ವಲ್ಪ ಎತ್ತಮ್ಮ, ತಲೆಗೆ ಬಟ್ಟೆ ಕಟ್ಟಿದ ಹೆಂಗಸು, ಕೈಯಲ್ಲಿ ಒರೆಸುವ ಕೋಲು, ಎತ್ತಿದೆ, ಮಕ್ಕಳ ಕುರ್ಚಿ ಇದು, ಮೊಣಕಾಲು ಗಲ್ಲಕ್ಕೆ ಬರುತ್ತದೆ, ತಾಯಂದಿರನ್ನು ಬೇಕೆಂದೇ ಇದರ ಮೇಲೆ ಕೂರಿಸುತ್ತಾರೇನೋ, ಕೂತ ಕೂಡಲೇ ಒಂದನೇ ಕ್ಲಾಸಿನ ಮಗುವಿನ ಹಾಗೆ ಹೆದರಲಿ ಅಂತ. ಕೈಯಲ್ಲಿ ಹಾಳೆ, ನಡುವೆ ಗೆರೆ, ಎಡಗಡೆ ನಮ್ಮ ಶಾಲೆಯಲ್ಲಿ ನಿಮಗೆ ಹಿಡಿಸಿದ್ದು, ಬಲಗಡೆ ಹಿಡಿಸದ್ದು, ಬಾಗಿಲ ಬಳಿಯ ಹುಡುಗಿ ಉಗುರಿಗೆ ಊದಿಕೊಳ್ಳುತ್ತ ಹೇಳಿದಳು, ಕನಿಶಾಯ್ ಎಜೆ, ಎರಡೂ ಕಡೆ ತುಂಬ್ಸಿ, ಖಾಲಿ ಬಿಡ್ಬೇಡಿ, ಒಂದು ವಾರ ಮಗಳನ್ನ ಕೂರ್ಸಿ ನೋಡಿದ್ದಾಯ್ತಲ್ಲ, ಇವತ್ತು ಸಹಿ ಹಾಕಿದ್ರೆ ನಾಳೆಯಿಂದ ಅವಳು ನಮ್ಮವಳೇ. ಎಜೆ ಅಂತೆ, ಅಕ್ಕ ಅಂತೆ, ಇದೇ ಬಾಗಿಲಲ್ಲಿ ಅಂದು ನನ್ನನ್ನು ಏಯ್ ಅಂದಿದ್ದರು, ಏಯ್, ಪಾತ್ರೆಯವಳ ಮಗಳೇ, ಹಿಂದಿನಿಂದ ಬಾ.

ಎಡಗಡೆ ಮೊದಲು ಬರೆಯೋಣ, ನಾನು ದರ್ಜಿ, ಇಪ್ಪತ್ತು ಮಿಷನ್ನು ಓಡಿಸುವವಳು, ಯಾರ ಬಟ್ಟೆಯಾದರೂ ಒಳಹೊಲಿಗೆ ತಿರುಗಿಸಿ ನೋಡದೆ ಮಾತಾಡುವವಳಲ್ಲ — ತರಗತಿಗೆ ಹದಿನಾಲ್ಕೇ ಮಕ್ಕಳು, ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ನಲವತ್ತಾರು, ಮೂರು ಪಾಳಿ, ನಾನು ಓದಿದ್ದು ಮೂರನೇ ಪಾಳಿಯಲ್ಲಿ, ಟೀಚರಿಗೆ ಹೊತ್ತಿಗೆ ಮುಂಚೆ ಆಕಳಿಕೆ, ವರ್ಷ ಮುಗಿದರೂ ನನ್ನ ಹೆಸರು ಅವರ ಬಾಯಿಗೆ ಬಂದಿರಲಿಲ್ಲ. ಇಲ್ಲಿ ಮೂರನೇ ದಿನಕ್ಕೇ ಸೆಜಿಮ್ ಎಡಗೈಯಲ್ಲಿ ಬರೀತಾಳೆ, ಕಿಟಕಿ ಆ ಕಡೆ ಬರೋ ಹಾಗೆ ಕೂರ್ಸಿದೀವಿ ಅಂದರು, ಏಳು ವರ್ಷದಲ್ಲಿ ನನಗೇ ಹೊಳೆಯದ ಮಾತು, ನಿಜ ಹೇಳಬೇಕಲ್ಲ, ಒಳ್ಳೆಯ ಶಾಲೆ, ಹಾಳಾದ್ದು ಒಳ್ಳೆಯ ಶಾಲೆಯೇ, ಶೌಚಾಲಯ ಒಳಗಿದೆ, ಬಿಸಿನೀರು ಬರುತ್ತದೆ, ಒಂದೇ ವಾರಕ್ಕೆ ಮಗು ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತಾಳೆ. ಚೆನ್ನಾಗಿ ನಡೆದುಕೊಂಡವರ ಕೈಹಿಂದೆ ಕೆಂಪು ನಕ್ಷತ್ರದ ಮುದ್ರೆ ಒತ್ತುತ್ತಾರೆ, ಶುಕ್ರವಾರ ಒತ್ತಿಸಿಕೊಂಡು ಬಂದವಳು ಸ್ನಾನ ಮಾಡುವಾಗಲೂ ಆ ಕೈ ಮೇಲೆತ್ತಿ ಹಿಡಿದಿದ್ದಳು, ಅಮ್ಮಾ ನೀರು ತಾಗಿಸ್ಬೇಡ, ನಾನು ನಕ್ಕೆ, ನಗಬಾರದಿತ್ತು. ಬಲಗಡೆ ಏನು ಬರೆಯಲಿ, ಬಲಗಡೆಗೆ ಒಂದೇ ಹೆಸರು, ಕ್ಲಾರಾ ಅಸಾನೊವ್ನಾ, ಮುಖ್ಯೋಪಾಧ್ಯಾಯಿನಿ, ಬೆರಳಲ್ಲಿ ಹಸಿರು ಕಲ್ಲಿನ ಉಂಗುರ, ಆ ಉಂಗುರದ ಕೈ ಚೀಲದ ತಳ ಹಿಡಿದು ತಲೆಕೆಳಗು ಮಾಡುತ್ತಿದೆ, ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿ, ಬೋರ್ಸೋಕ್, ಉರುಳುತ್ತಿದೆ.

ನೂರುಜ್ ಹಬ್ಬ, ನನಗೆ ಹನ್ನೊಂದು, ಅಪಾಳನ್ನು ಕರೆದೊಯ್ಯಲು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಅಪಾ ಅಂದರೆ ನಮ್ಮ ಅಮ್ಮ, ಬುರುಲ್ಚಾ, ಈ ಶಾಲೆಯ ಪಾತ್ರೆ ತೊಳೆಯುವವಳು, ಅಂದು ಮುನ್ನೂರು ತಟ್ಟೆ ತೊಳೆದಿದ್ದಳು, ಬೆರಳು ಬೆಳ್ಳಗೆ ಸುಕ್ಕಾಗಿದ್ದವು. ಎಲ್ಲರ ಊಟವಾದ ಮೇಲೆ ಕೇಶಿಕ್ ಕಟ್ಟಿಕೊಂಡಳು, ಹತ್ತು ಬೋರ್ಸೋಕ್, ಒಂದು ಚೂರು ಮಾಂಸ, ಎರಡು ಮಿಠಾಯಿ, ಹಬ್ಬದ ಊಟಕ್ಕೆ ಹೋದವಳು ಮನೆಯಲ್ಲಿ ಉಳಿದವರಿಗೆ ಕೇಶಿಕ್ ಒಯ್ಯದಿದ್ದರೆ ಉಣಬಡಿಸಿದವರಿಗೇ ಅವಮಾನ, ಬೇಡ ಅಂದರೂ ಚೀಲಕ್ಕೆ ತುರುಕುತ್ತಾರೆ, ಇದು ಗೊತ್ತಿಲ್ಲದ ಕಿರ್ಗಿಜ್ ಹೆಂಗಸು ಈ ಬಿಷ್ಕೆಕ್ಕಿನಲ್ಲಿ ಎಲ್ಲಾದರೂ ಇದ್ದಾಳೆಯೇ, ಅಪಾ ಕೇಳಿಯೇ ತಗೊಂಡಳಲ್ಲ, ಅಡುಗೆಯವಳನ್ನು ಕೇಳಿಯೇ ತಗೊಂಡಳು. ಕ್ಲಾರಾ ಅಸಾನೊವ್ನಾ ಬಂದಳು, ಏನಿದು, ಬುರುಲ್ಚಾ, ದಿನಾ ಹೀಗೇನಾ, ಇದು ಛತ್ರ ಅಲ್ಲ, ಅಪ್ಪ ಅಮ್ಮಂದಿರು ದುಡ್ಡು ಕೊಟ್ಟು ಮಕ್ಕಳನ್ನ ಓದಿಸ್ತಾರಿಲ್ಲಿ — ಅಂದು ಮಕ್ಕಳೆದುರಿಗೇ, ಟೀಚರುಗಳೆದುರಿಗೇ, ಆ ಉಂಗುರದ ಕೈ, ಮೇಜಿನಿಂದ ನೆಲಕ್ಕೆ ಬೋರ್ಸೋಕ್ ಉರುಳಿ ಒಂದು ಹುಡುಗಿಯ ಬಿಳಿ ಬೂಟಿನ ಹತ್ತಿರ ಹೋಯಿತು, ಅವಳು ಹಿಂದೆ ಸರಿಯಲಿಲ್ಲ, ತುಳಿದಳು. ಅಪಾ ಜಗಳ ಆಡಲಿಲ್ಲ, ಅಳಲಿಲ್ಲ, ಮೊಣಕಾಲೂರಿ ಒಂದೊಂದನ್ನೇ ಹೆಕ್ಕಿದಳು, ರೊಟ್ಟಿ ನೆಲಕ್ಕೆ ಬಿದ್ದರೆ ಮಾಡುವ ಹಾಗೆ ಒಂದೊಂದನ್ನೂ ಹಣೆಗೆ ಒತ್ತಿಕೊಂಡಳು, ತುಳಿದದ್ದನ್ನೂ. ಮರುದಿನ ಬೆಳಿಗ್ಗೆಯಿಂದ ಬೇರೆ ಕೆಲಸ ಹುಡುಕಿದಳು, ಆ ಮಾತು ಮತ್ತೆ ಎತ್ತಲಿಲ್ಲ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ನೋಡೋಣ, ನಾನು ಆನೆಯನ್ನೇ ಹೊಡೆದುಕೊಂಡು ಬಂದಿದ್ದೇನೆ.

ನನ್ನ ಗಂಡ ಮಕ್ಸತ್ ಹೇಳಿದ್ದ, ಲೇ, ನೀನು ಮಗೂನ ಓದಕ್ಕೆ ಹಾಕ್ತಿದೀಯಾ, ಇಲ್ಲಾ ಹಗೆ ತೀರಿಸ್ಕೊಳ್ಳಕ್ಕೆ ಕಲ್ಲು ಮಾಡ್ಕೊಂಡು ಎಸೀತಿದೀಯಾ, ಎರಡೂ ಅಂದೆ, ಅವನು ಚಹಾ ಹೀರಿದ, ಅವನಿಗೇನು, ಅವನ ಅಮ್ಮನ ಚೀಲ ಯಾರೂ ಸುರಿದಿಲ್ಲ. ಎಲ್ಲ ಲೆಕ್ಕ ಹಾಕಿಟ್ಟಿದ್ದೇನೆ, ಒಳಗೆ ಕರೆಯುತ್ತಾಳೆ, ಗಂಡನ ಮನೆತನದ ಹೆಸರು ನನ್ನದು, ಗುರುತು ಸಿಗುವುದಿಲ್ಲ, ತನ್ನ ಕೈಯಾರೆ ಚಹಾ ಹಾಕಿಕೊಡುತ್ತಾಳೆ, ಕುಡಿಯುತ್ತೇನೆ, ಸಹಿ ಹಾಕುತ್ತೇನೆ, ಸೆಜಿಮ್ ಅವಳ ಶಾಲೆಯ ಮೊದಲ ಸಾಲಿನಲ್ಲಿ ಕೂತಾದ ಮೇಲೆ ನಿಧಾನಕ್ಕೆ ಹೇಳುತ್ತೇನೆ, ನಾನು ಬುರುಲ್ಚಾಳ ಮಗಳು, ಇನ್ನು ಹನ್ನೊಂದು ವರ್ಷ ದಿನಾ ನನ್ನ ಮುಖ ನೋಡಿ. ಇಷ್ಟೇ ಮಾತು, ಇಪ್ಪತ್ನಾಲ್ಕು ವರ್ಷ ಮಸೆದ ಮಾತು, ನಿನ್ನೆ ಮಧ್ಯಾಹ್ನದವರೆಗೆ ಇದರಲ್ಲಿ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ನಿನ್ನೆ — ಬೇಡ, ಈಗ ಬೇಡ, ಬಲಗಡೆ ಏನಾದರೂ ಬರಿ, ಚಳಿಗಾಲದಲ್ಲಿ ಬಸ್ಸು ತಡ ಅಂತ ಬರಿ — ನಿನ್ನೆ ತಮ್ಮನ ಮಗು ಮೊದಲ ಹೆಜ್ಜೆ ಇಟ್ಟದ್ದಕ್ಕೆ ಕಾಲಿನ ದಾರ ಕತ್ತರಿಸುವ ಶಾಸ್ತ್ರ, ಅಪಾಳ ಮನೆ ತುಂಬ ಜನ, ಏಳುವ ಹೊತ್ತಿಗೆ ಅಪಾ ಎಲ್ಲರಿಗೂ ಕೇಶಿಕ್ ಕಟ್ಟಿದಳು, ಮೊಮ್ಮಗಳ ಚೀಲಕ್ಕೆ ಎಲ್ಲರಿಗಿಂತ ಜಾಸ್ತಿ, ತಗೋ ನನ್ನ ಕುದುರೆಮರಿ, ನಾಳೆ ಶಾಲೇಲಿ ಗೆಳತೀರಿಗೂ ಕೊಡು. ಸೆಜಿಮ್ ಚೀಲ ನೋಡಿದಳು, ನನ್ನನ್ನು ನೋಡಿದಳು, ಅಜ್ಜಿಗೆ ಅಂದಳು, ತಾಯೆನೆ, ಉಂಡ ಮೇಲೆ ಕಟ್ಕೊಂಡು ಹೋಗ್ಬಾರ್ದು, ಅದು ಭಿಕ್ಷುಕರು ಮಾಡೋದು, ನಮ್ಮ ಶಾಲೇಲಿ ಗೋಡೆ ಮೇಲೇ ಬರ್ದಿದೆ, ನಾನೇ ಓದ್ದೆ — ನಾನೇ ಓದ್ದೆ ಅನ್ನುವಾಗ ಎಷ್ಟು ಹೆಮ್ಮೆ ಆ ಮುಖದಲ್ಲಿ — ಚೀಲದ ತಳ ಹಿಡಿದು ಸುರಿದಳು, ಕೈಹಿಂದೆ ಕೆಂಪು ನಕ್ಷತ್ರ, ಊಟದ ಹಾಸಿನಿಂದ ನೆಲಕ್ಕೆ ಬೋರ್ಸೋಕ್ ಉರುಳಿತು. ನೆಂಟರಲ್ಲಿ ಒಬ್ಬಳು ಕಿಸಕ್ಕೆಂದಳು, ಅಬ್ಬಾ, ದೊಡ್ಡ ಶಾಲೆ ಓದು ಬಲು ಬೇಗ ಹತ್ತಿದೆ. ಅಪಾ ಎಪ್ಪತ್ತರ ಮೊಣಕಾಲು ಊರಿ ಹೆಕ್ಕಿದಳು, ಹಣೆಗೆ ಒತ್ತಿದಳು, ನನ್ನತ್ತ ನೋಡಲೇ ಇಲ್ಲ, ನೋಡಿ ಬೈದಿದ್ದರೆ ಬದುಕುತ್ತಿದ್ದೆ.

ಬನ್ನಿ ಬನ್ನಿ, ಕನಿಶಾಯ್, ಬಾಗಿಲು ತೆರೆದಿದೆ, ಅವಳೇ, ಕೂದಲು ಬೆಳ್ಳಗಾಗಿದೆ, ಮೈ ಇಳಿದಿದೆ, ಉಂಗುರ ಸಡಿಲವಾಗಿ ತಿರುಗುತ್ತಿದೆ, ನಾನು ಹಗೆ ಸಾಧಿಸಿದ್ದು ಗಟ್ಟಿಮುಟ್ಟಾದ ಹೆಂಗಸಿನ ಮೇಲೆ, ಇವಳು ಯಾರೋ ಕೆಮ್ಮುವ ಅಜ್ಜಿ, ಅಲ್ಲ, ಕರಗಬೇಡ, ಅದೇ ಕೈ ನೋಡು. ಚಹಾ ಹಾಕಿದಳು, ಅರ್ಧ ಬಟ್ಟಲು, ಮರ್ಯಾದೆಯವರಿಗೆ ಹಾಕುವ ಹಾಗೆ, ಗೆದ್ದೆ ಅನ್ನಿಸಬೇಕಿತ್ತು, ನಾಲಿಗೆ ಸುಟ್ಟಿತು ಅಷ್ಟೆ. ನಿಮ್ಮ ಮಗಳು ಬಹಳ ಚುರುಕು, ಹೇಳಿಕೊಡೋ ಮುಂಚೇನೇ ಕಲ್ತಿರ್ತಾಳೆ, ಹೌದು, ನಿನ್ನೆ ನೋಡಿದೆ, ಅನ್ನಲಿಲ್ಲ, ಪೆನ್ನು ಕೈಯಲ್ಲಿದೆ, ಸಹಿಯ ಜಾಗ ಖಾಲಿ, ಹಾಕಿದರೆ ಸೆಜಿಮ್ ಇವಳವಳು, ಹಾಕದಿದ್ದರೆ ಇಪ್ಪತ್ನಾಲ್ಕು ವರ್ಷ ಗಾಳಿಗೆ. ಅಷ್ಟರಲ್ಲಿ ಅವಳೇ ತಟ್ಟೆಯಿಂದ ಬೋರ್ಸೋಕ್ ಬಾಚಿ ಕಾಗದದ ಚೀಲಕ್ಕೆ ತುಂಬಿ ನನ್ನ ಕೈಗಿಟ್ಟಳು, ತಗೊಳ್ಳಿ, ಮಗೂಗೆ ಕೇಶಿಕ್, ಬರಿಗೈಲಿ ಕಳಿಸ್ಬಾರ್ದಲ್ಲ, ನಮ್ಮ ಪದ್ಧತಿ — ಗೊತ್ತಿತ್ತು, ಇವಳಿಗೆ ಗೊತ್ತಿತ್ತು, ಅಂದೂ ಗೊತ್ತಿತ್ತು, ಕೇಶಿಕ್ ಅಂದರೇನು ಅಂತ ಗೊತ್ತಿದ್ದೇ ಸುರಿದಳು, ಸೂಟು ಹಾಕಿದವಳು ಒಯ್ದರೆ ಪದ್ಧತಿ, ಪಾತ್ರೆಯವಳು ಒಯ್ದರೆ ಕಳವು, ಬುರುಲ್ಚಾ ನೆನಪಿದ್ದಾಳಾ ನಿಮಗೆ ಅಂತ ಕೇಳಬೇಕು, ಬಾಯಿಗೆ ಬರುತ್ತಿಲ್ಲ, ಕೈ ಮಾತ್ರ ಚೀಲದ ತಳ ಹಿಡಿದಿದೆ, ನನ್ನದೇ ಕೈ, ಸುರಿದೇಬಿಟ್ಟೆ, ಅವಳ ಹಾಳೆಗಳ ಮೇಲೆ, ಮೇಜಿನ ಮೇಲೆ, ಮೇಜಿನಿಂದ ನೆಲಕ್ಕೆ, ಈಗಾದರೂ ಕೂಗು, ಈಗಾದರೂ ಕೇಳು ಯಾಕೆ ಅಂತ. ಅಯ್ಯೋ, ಕೈ ಜಾರಿತಾ, ಪರವಾಗಿಲ್ಲ ಪರವಾಗಿಲ್ಲ, ಅಂದಳು, ನಕ್ಕಳು, ಬಾಗಿಲ ಕಡೆ ತಿರುಗಿ ಕೂಗಿದಳು, ಬಾರೆ ಇಲ್ಲಿ, ನೆಲ ಕ್ಲೀನ್ ಮಾಡು. ಒರೆಸುವ ಹೆಂಗಸು ಬಂದಳು, ಬೇಡ ಅನ್ನಬೇಕು, ನಾನೇ ಎದ್ದು ಬಗ್ಗಬೇಕು, ಏಳಲಾರೆ, ಬೋರ್ಸೋಕ್ ಇನ್ನೂ ಉರುಳುತ್ತಿದೆ, ನನ್ನ ಬೂಟಿನ ಹತ್ತಿರ ಬಂದು ನಿಂತಿದೆ, ಅವಳು ಮೊಣಕಾಲೂರಿದಳು, ಸುಕ್ಕಾದ ಬೆಳ್ಳನೆಯ ಬೆರಳು, ಒಂದನ್ನು ಹೆಕ್ಕಿದಳು, ಹಣೆಗೆ ಒತ್ತಿಕೊಂಡಳು, ಇನ್ನೊಂದನ್ನು ಹೆಕ್ಕಿದಳು, ಹಣೆಗೆ ಒತ್ತಿಕೊಂಡಳು